ಕೂಲರ್ ಮುಟ್ಟಿದರೆ ಜುಮ್ ಅಂತಿತ್ತು: ನಮ್ಮ ಮನೆಯಲ್ಲಿ ನಾನೇ ಮಾಡಿಕೊಂಡ ರಿಪೇರಿಗಳು

ಮೂರು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳ ಮಧ್ಯಾಹ್ನ, ರಾಯಚೂರಿನ ಬಿಸಿಲು. ಅತ್ತೆ ಕೂಲರಿಗೆ ನೀರು ಹಾಕುತ್ತಿದ್ದರು. "ಯವ್ವಾ, ಇದು ಮತ್ತ ಜುಮ್ ಅಂತೈತಿ ನೋಡು" ಅಂತ ಕರೆದರು. ಆ 'ಮತ್ತ' ಅನ್ನುವ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಅಂದರೆ ಇದು ಮೊದಲ ಸಲ ಅಲ್ಲ. ಕೇಳಿದರೆ, "ಅದಕ್ಕs ನಾ ಚಪ್ಪಲಿ ಮೆಟ್ಟಿಕೊಂಡು ನೀರು ಹಾಕ್ತೀನಿ" ಅಂದರು.

ನಾನು ಎಲೆಕ್ಟ್ರಿಷಿಯನ್ ಅಲ್ಲ. ಒಂದು ಹತ್ತಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮನೆಯವರು ಶಕ್ತಿನಗರದಲ್ಲಿ ಶಿಫ್ಟ್ ಡ್ಯೂಟಿ ಮಾಡುತ್ತಾರೆ. ಹಾಗಾಗಿ ಮನೆಯ ಸಣ್ಣಪುಟ್ಟ ರಿಪೇರಿ ನನ್ನ ಪಾಲಿಗೇ ಬರುತ್ತದೆ. ಆವತ್ತು ಮೊದಲು ಮಾಡಿದ್ದು ಇಷ್ಟೇ: ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಗೋಡೆಯಿಂದ ಈಚೆ ಎಳೆದು ಕೂತು ನೋಡಿದೆ.

ಪ್ಲಗ್ ನೋಡಿದ ಕೂಡಲೇ ಅರ್ಧ ವಿಷಯ ಗೊತ್ತಾಯಿತು. ಹಿಂದಿನ ವರ್ಷ ಮೂರು ಪಿನ್ನಿನ ಪ್ಲಗ್ ಒಡೆದಿತ್ತು. ಅಂಗಡಿಯಲ್ಲಿ ಸಿಕ್ಕ ಎರಡು ಪಿನ್ನಿನದನ್ನು ನಾವೇ ಹಾಕಿಸಿದ್ದೆವು. ಆಮೇಲೆ ಒಮ್ಮೆ ಶಾಕ್ ಹೊಡೆದಾಗ ಯಾರೋ "ಪ್ಲಗ್ ತಿರುವಿ ಹಾಕ್ರಿ" ಅಂದಿದ್ದರು. ತಿರುವಿ ಹಾಕಿದ್ದೆವು, ಶಾಕ್ ನಿಂತಿತ್ತು. ಸರಿಹೋಯಿತು ಅಂದುಕೊಂಡಿದ್ದೆವು. ಸರಿಹೋಗಿರಲಿಲ್ಲ. ಪ್ಲಗ್ ತಿರುವಿದರೆ ಫೇಸ್ ಮತ್ತು ನ್ಯೂಟ್ರಲ್ ಜಾಗ ಅದಲು ಬದಲಾಗುತ್ತವೆ, ಅಷ್ಟೇ. ತಗಡಿಗೆ ತಾಗುತ್ತಿದ್ದ ತಂತಿ ತಾಗಿಕೊಂಡೇ ಇರುತ್ತದೆ. ಇನ್ನೊಂದು ಅಪಾಯ ಅಂದರೆ, ಹೀಗೆ ಉಲ್ಟಾ ಆದಾಗ ಕೂಲರಿನ ಮೇಲಿನ ಸ್ವಿಚ್ ಆಫ್ ಮಾಡಿದರೂ ಒಳಗಿನ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಯಾವಾಗಲೋ ಯಾರೋ ಪ್ಲಗ್ಗನ್ನು ಮತ್ತೆ ಮೊದಲಿನಂತೆ ಚುಚ್ಚಿದ್ದರು, ಅತ್ತೆಯ ಕೈಗೆ ಜುಮ್ ಅಂದಿತ್ತು.

ಕರೆಂಟ್ ತಗಡಿಗೆ ಬರುತ್ತಿದ್ದದ್ದು ಪಂಪಿನಿಂದ. ಟಬ್ಬಿನಲ್ಲಿ ಮುಳುಗಿರುವ ಸಣ್ಣ ಪಂಪಿನ ವೈರನ್ನು ಹಿಂದೆ ಯಾರೋ ಉದ್ದ ಮಾಡಿ, ಜೋಡಿಸಿದ ಜಾಗಕ್ಕೆ ಕಪ್ಪು ಟೇಪ್ ಸುತ್ತಿದ್ದರು. ಆ ಜೋಡಣೆ ನೀರಲ್ಲೇ ಬಿದ್ದಿತ್ತು. ಟೇಪ್ ಬಿಚ್ಚಿದರೆ ಒಳಗೆ ತಾಮ್ರ ಹಸಿರು ಬಣ್ಣಕ್ಕೆ ತಿರುಗಿತ್ತು. ಪಂಪನ್ನೇ ಬದಲಿಸಿದೆ. ವೈರು ಮೇಲಿನ ತನಕ ಒಂದೇ ತುಂಡಾಗಿ ಬರುವಂಥ ಪಂಪ್ ಕೇಳಿ ತಂದೆ. ನೀರಿನ ಒಳಗೆ ಜೋಡಣೆ ಇರಲೇಬಾರದು, ಎಂಥ ಟೇಪ್ ಸುತ್ತಿದರೂ ಬೇಡ. ಮೂರು ಪಿನ್ನಿನ ಪ್ಲಗ್ ಹಾಕಿ, ಅರ್ಥಿಂಗಿನ ಹಸಿರು ತಂತಿಯನ್ನು, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ತಂತಿಯನ್ನು, ಕೂಲರಿನ ತಗಡಿಗೆ ಸ್ಕ್ರೂ ಹಾಕಿ ಬಿಗಿದೆ. ಬಣ್ಣದ ಮೇಲೆ ಬಿಗಿದರೆ ಪ್ರಯೋಜನವಿಲ್ಲ. ಆ ಜಾಗದ ಬಣ್ಣ ಕೆರೆದು, ಹೊಳೆಯುವ ತಗಡು ಕಂಡ ಮೇಲೆ ಬಿಗಿಯಬೇಕು.

ಇಷ್ಟಾದ ಮೇಲೂ ನನಗೆ ಒಂದು ಅನುಮಾನ. ಗೋಡೆಯ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ನಿಜಕ್ಕೂ ಅರ್ಥಿಂಗ್ ಬರುತ್ತಿದೆಯಾ? ಇದನ್ನು ನಾನು ಕೈಯಾರೆ ನೋಡಲು ಹೋಗಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಬೋರ್ಡ್ ಬಿಚ್ಚಿದರೆ ಅರ್ಥಿಂಗ್ ತಂತಿಯನ್ನು ಯಾವತ್ತೋ ಕತ್ತರಿಸಿ ಹಾಗೇ ಮಡಚಿ ಬಿಟ್ಟಿದ್ದರು. ಅದನ್ನು ಕೂಡಿಸಿದರು. ಹಿತ್ತಲಿನ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಮಣ್ಣು ಒಣಗಿದಷ್ಟೂ ಕರೆಂಟ್ ಭೂಮಿಗೆ ಇಳಿಯುವುದು ಕಷ್ಟ. ನಮ್ಮಲ್ಲಿ ಕೂಲರ್ ಓಡುವುದೂ ಬೇಸಿಗೆಯಲ್ಲಿ, ಗುಂಡಿ ಒಣಗುವುದೂ ಬೇಸಿಗೆಯಲ್ಲಿ. ಅದಕ್ಕೇ ಮಾರ್ಚಿನಿಂದ ವಾರಕ್ಕೆ ಎರಡು ಸಲ ಅದಕ್ಕೆ ಒಂದು ಕೊಡ ನೀರು ಹಾಕುತ್ತೇವೆ. ಅವರ ಕೈಲೇ 30 ಮಿಲಿಆಂಪಿಯರಿನ ಒಂದು ಆರ್‌ಸಿಸಿಬಿ ಹಾಕಿಸಿದೆ. ಕರೆಂಟ್ ಎಲ್ಲಾದರೂ ಸೋರಿದರೆ ಅದು ತಾನೇ ಟಕ್ ಅಂತ ಬಿದ್ದು ಕರೆಂಟ್ ಕಡಿಯುತ್ತದೆ. ಎಂಸಿಬಿ ಇದ್ದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಎಂಸಿಬಿ ಇರುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟಿಗೆ. ಮನುಷ್ಯನ ಮೈಯೊಳಗೆ ಹರಿಯುವ ಅಷ್ಟು ಸಣ್ಣ ಕರೆಂಟಿಗೆ ಅದು ಬೀಳುವುದಿಲ್ಲ. ಆರ್‌ಸಿಸಿಬಿ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ.

ಈಗ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಪ್ಲಗ್ ಕಿತ್ತು ಕೂಲರಿನ ಮೇಲೆ ಇಟ್ಟ ಮೇಲೇ ನೀರು ಹಾಕುವುದು. ಮಕ್ಕಳಿಗೂ ಗೊತ್ತು. ನಿಮ್ಮ ಮನೆಯಲ್ಲಿ ತಗಡಿನ ಕೂಲರ್ ಇದ್ದರೆ ಉಳಿದದ್ದನ್ನು ಓದುವ ಮೊದಲು ಎದ್ದು ಹೋಗಿ ಅದರ ಪ್ಲಗ್ಗಿಗೆ ಎಷ್ಟು ಪಿನ್ ಇದೆ ನೋಡಿ ಬನ್ನಿ.

ಕೂಲರ್ ಬಿಚ್ಚಿದಾಗಲೇ ನಮ್ಮ ನೀರಿನ ಗುಣವೂ ಕಣ್ಣಿಗೆ ಬಿತ್ತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇದ್ದರೂ ನಮ್ಮ ಓಣಿಗೆ ಜಾಸ್ತಿ ಬೋರಿನ ನೀರೇ. ಸವಳು ನೀರು. ಪ್ಯಾಡಿನ ಹುಲ್ಲು ಬಿಳಿ ಕಟ್ಟಿ ಕಡ್ಡಿಯಂತೆ ಗಟ್ಟಿಯಾಗಿತ್ತು. ಯೋಚಿಸಿದರೆ ಸಹಜವೇ ಅಲ್ವಾ? ಕೂಲರಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಟಬ್ಬಿನಲ್ಲೇ ಉಳಿಯುತ್ತದೆ. ನಾವು ಮೇಲೆ ಮೇಲೆ ನೀರು ತುಂಬುತ್ತಾ ಹೋಗುತ್ತೇವೆ, ಉಪ್ಪು ಏರುತ್ತಾ ಹೋಗುತ್ತದೆ. ಈಗ ಮೂರು ದಿನಕ್ಕೊಮ್ಮೆ ಟಬ್ ಪೂರ್ತಿ ಖಾಲಿ ಮಾಡಿ ಹೊಸ ನೀರು ಹಾಕುತ್ತೇನೆ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದೂ ಇಂಥ ನಿಂತ ನೀರಿನಲ್ಲೇ, ಆ ಕೆಲಸವೂ ಜೊತೆಗೇ ಮುಗಿಯುತ್ತದೆ. ಪ್ಯಾಡ್ ಈಗ ಸೀಸನ್ ಪೂರ್ತಿ ಬರುತ್ತದೆ.

ನಳದ ಕಥೆಯೂ ಇದೇ. ಬಚ್ಚಲಿನ ನಳ ಟಪ್ ಟಪ್ ಅಂತ ಸೋರುತ್ತಿತ್ತು. ಎಲ್ಲರೂ ಇನ್ನಷ್ಟು ಬಿಗಿಯಾಗಿ ತಿರುವುತ್ತಿದ್ದರು. ಒಂದು ರಾತ್ರಿ 10 ಗಂಟೆಗೆ ಕೆಳಗೆ ಬಕೆಟ್ ಇಟ್ಟೆ. ಬೆಳಿಗ್ಗೆ 6ಕ್ಕೆ ನೋಡಿದರೆ 15 ಲೀಟರಿನ ಬಕೆಟ್ ಅರ್ಧ ತುಂಬಿತ್ತು. ಮೇಲಿನ ಗೇಟ್ ವಾಲ್ವ್ ಮುಚ್ಚಿ, ಪಾನಾ ಹಾಕಿ ನಳದ ತಲೆ ಬಿಚ್ಚಿದೆ. ಹಳೆಯ ತಿರುವುವ ನಳ ಅದು, ಒಳಗೆ ರಬ್ಬರಿನ ವಾಷರ್ ಇರುತ್ತದೆ. ಹೊಸ ವಾಷರ್ ಹಾಕಿದೆ. ಎರಡು ವಾರಕ್ಕೆ ಮತ್ತೆ ಸೋರಿಕೆ. ಆಗ ಟಾರ್ಚ್ ಹಿಡಿದು ಒಳಗೆ ನೋಡಿದೆ. ವಾಷರ್ ಕೂರುವ ಹಿತ್ತಾಳೆಯ ಬಾಯಿಯ ಸುತ್ತ ಮೊಟ್ಟೆಯ ಚಿಪ್ಪಿನಂಥ ಬಿಳಿ ಪದರ ಕಟ್ಟಿತ್ತು. ಅದರ ಅಂಚು ವಾಷರನ್ನು ಕೊರೆಯುತ್ತಿತ್ತು. ನಾವು ಬಿಗಿಯಾಗಿ ತಿರುವಿದಷ್ಟೂ ಇನ್ನೂ ಆಳಕ್ಕೆ ಕೊರೆಯುತ್ತಿತ್ತು.

ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ತಂದು ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಕರಗಿಸಿದೆ. ಅದರಲ್ಲಿ ಬಟ್ಟೆ ಅದ್ದಿ ನಳದ ಬಾಯೊಳಗೆ ತುರುಕಿ ಒಂದು ತಾಸು ಬಿಟ್ಟೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಪದರ ಪದರವಾಗಿ ಎದ್ದು ಬಂತು. ಆ ವಾಷರ್ ಇವತ್ತಿಗೂ ಇದೆ. ಶವರಿನ ತೂತು, ವಾಷಿಂಗ್ ಮೆಷಿನ್ನಿನ ನೀರಿನ ಜಾಲರಿ, ಕೂಲರ್ ಪಂಪು, ಎಲ್ಲದಕ್ಕೂ ಇದೇ ಔಷಧ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಪರವಾಗಿಲ್ಲ ಅಂತ ನಮ್ಮ ದೇಶದ ಮಾನದಂಡ. ನಮ್ಮ ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿದ್ದೆ, ಅದನ್ನೂ ದಾಟಿತ್ತು. ಇಂಥ ನೀರಿರುವ ಮನೆಯಲ್ಲಿ ಸಾಮಾನು ಬದಲಿಸುವ ಮೊದಲು ತೊಳೆದು ನೋಡುವುದು ಒಳ್ಳೆಯದು.

ಒಂದು ಕಡೆ ಮಾತ್ರ ನಿಂಬೆ ಉಪ್ಪು ಬೇಡವೇ ಬೇಡ. ನಮ್ಮ ಕಡೆ ನೆಲಕ್ಕೆ ಶಹಾಬಾದಿ ಪರ್ಸಿ ಹಾಸುತ್ತಾರಲ್ಲ, ಅದು ಸುಣ್ಣದ ಕಲ್ಲು. ನಳಕ್ಕೆ ಕಟ್ಟಿದ ಬಿಳಿಯೂ ಸುಣ್ಣದ್ದೇ. ಒಂದನ್ನು ಕರಗಿಸುವ ಹುಳಿ ಇನ್ನೊಂದನ್ನೂ ಕರಗಿಸುತ್ತದೆ. ನನ್ನ ಕೈಯಿಂದ ನಾಲ್ಕು ಹನಿ ಬಿದ್ದ ಜಾಗದಲ್ಲಿ ಬುರುಬುರು ನೊರೆ ಬಂತು. ಒರೆಸಿದ ಮೇಲೂ ಹೊಳಪು ಹೋಗಿ ಒರಟಾಗಿ ಉಳಿಯಿತು. ನಾಣ್ಯದಷ್ಟು ದೊಡ್ಡ ನಾಲ್ಕು ಕಲೆಗಳು ಈಗಲೂ ಇವೆ. ಅಡುಗೆ ಮನೆಯ ಗ್ರಾನೈಟ್ ಕಟ್ಟೆಗೆ ಹಾಗೇನೂ ಆಗಲಿಲ್ಲ.

ಆಸಿಡ್ ಮಾತು ಬಂದಿದ್ದಕ್ಕೆ ಇದನ್ನೂ ಹೇಳಲೇಬೇಕು. ಒಂದು ಭಾನುವಾರ ಮೇಲಿನ ಟ್ಯಾಂಕ್ ತೊಳೆದೆ. ಬ್ಲೀಚಿಂಗ್ ಪುಡಿ ಕಲಸಿದ ನೀರು ಅರ್ಧ ಬಕೆಟ್ ಉಳಿಯಿತು. ಸುಮ್ನೆ ಯಾಕೆ ಚೆಲ್ಲಬೇಕು ಅಂತ ಅದನ್ನು ಬಚ್ಚಲಿಗೆ ಸುರಿದೆ. ಅರ್ಧ ತಾಸಿನ ಹಿಂದೆ ಅದೇ ನೆಲಕ್ಕೆ ಆಸಿಡ್ ಹಾಕಿ ಬಿಟ್ಟಿದ್ದೆ, ಇನ್ನೂ ತೊಳೆದಿರಲಿಲ್ಲ. ಕ್ಷಣದಲ್ಲಿ ಗಂಟಲು ಹಿಡಿಯಿತು. ಕಣ್ಣು ಉರಿದು ಬಾಗಿಲೇ ಕಾಣಲಿಲ್ಲ. ಹೊರಗೆ ಓಡಿ ಬಂದೆ. ಮಗಳು ಹಿಂದೆಯೇ ಬರುತ್ತಿದ್ದಳು, ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದೆ. ಎರಡು ದಿನ ಕೆಮ್ಮು ಹೋಗಲಿಲ್ಲ. ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಅಂದರೆ ಮೊದಲು ಸಿಗುವುದು ಮಕ್ಕಳ ಮೂಗಿಗೆ. ಈಗ ಆ ಎರಡೂ ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇನೆ. ಒಂದೇ ದಿನ ಎರಡನ್ನೂ ಹೊರಗೆ ತೆಗೆಯುವುದಿಲ್ಲ.

ಫ್ಯಾನ್ ಬಗ್ಗೆ ಒಂದೇ ಮಾತು. ಫ್ಯಾನ್ ನಿಧಾನ ಆದರೆ, ಇಲ್ಲವೇ ಗುಂಯ್ ಅಂದು ತಿರುಗದೆ ನಿಂತರೆ, ಬಹಳ ಸಲ ಕೆಟ್ಟಿರುವುದು ಕೆಪಾಸಿಟರ್ ಮಾತ್ರ, ಅಂದರೆ ಮೋಟಾರ್ ತಿರುಗಲು ನೆರವಾಗುವ ಒಂದು ಸಣ್ಣ ಬಿಡಿಭಾಗ. ಮೋಟಾರ್ ಸುಟ್ಟಿದೆ ಅಂತ ಫ್ಯಾನ್ ಇಳಿಸಿಕೊಂಡು ಹೋಗಬೇಡಿ. ಮೇನ್ ಆಫ್ ಮಾಡಿ, ಹಳೆಯ ಕೆಪಾಸಿಟರ್ ಮೇಲೆ ಬರೆದ ಅಂಕಿ ನೋಡಿ ಅದೇ ತಂದು ಹಾಕಿ. ನಮ್ಮದು 2.5 ಮೈಕ್ರೋಫ್ಯಾರಡ್ ಇತ್ತು.

ಇನ್ನು ಗೋಡೆ ಬಿರುಕು. ಇದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ನಮ್ಮ ಬಡಾವಣೆ ಮೊದಲು ಹತ್ತಿ ಹೊಲ, ಪೂರ್ತಿ ಎರೆ ಮಣ್ಣು. ಎರೆ ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಬೇಸಿಗೆಗೆ ಕೈ ಹೋಗುವಂಥ ಬಿರುಕು ಬೀಳುವುದನ್ನು ನೀವೂ ನೋಡಿರುತ್ತೀರಿ. ಮನೆಯೂ ಅದರ ಮೇಲೇ ಕೂತಿದೆ. ಅಡುಗೆ ಮನೆ ಬಾಗಿಲಿನ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಒಂದು ಬಿರುಕು ಬಿತ್ತು. ಗೌಂಡಿ ಬಂದು ಸಿಮೆಂಟ್ ತುಂಬಿ ಹೋದರು. ಮುಂದಿನ ಮೇ ತಿಂಗಳಲ್ಲಿ ಅದರ ಪಕ್ಕದಲ್ಲೇ ಮತ್ತೆ ಬಾಯಿ ಬಿಟ್ಟಿತು.

ಆಗ ತುಂಬಿಸುವುದನ್ನು ಬಿಟ್ಟು ಅಳೆಯಲು ಶುರು ಮಾಡಿದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಮಗಳ ಸ್ಕೇಲಿನಿಂದ ಅಳೆದು, ಗೋಡೆಯ ಮೇಲೇ ತಿಂಗಳು ಬರೆದೆ. ಮೇ ತಿಂಗಳಲ್ಲಿ 3 ಮಿಲಿಮೀಟರ್. ಸೆಪ್ಟೆಂಬರಿನಲ್ಲಿ, ಮಳೆ ಚೆನ್ನಾಗಿ ಆದ ಮೇಲೆ, 1. ಗೋಡೆ ಉಸಿರಾಡುತ್ತಿತ್ತು. ಗಟ್ಟಿ ಸಿಮೆಂಟ್ ಅಲ್ಲಿ ನಿಲ್ಲುವುದಾದರೂ ಹೇಗೆ?

ಹೊರಗೆ ಹೋಗಿ ಅದೇ ಮೂಲೆ ನೋಡಿದೆ. ಪಾತ್ರೆ ತೊಳೆದ ನೀರಿನ ಪೈಪು ಗೋಡೆಯ ಬುಡಕ್ಕೇ ಬಿಡುತ್ತಿತ್ತು. ಆ ಮೂಲೆಯ ಮಣ್ಣು ವರ್ಷವಿಡೀ ಹಸಿ, ಉಳಿದ ಮೂರು ಮೂಲೆ ಕಲ್ಲಿನಂತೆ ಒಣ. ಬೇಸಿಗೆ ಬಂದರೆ ಒಣ ಕಡೆ ಕುಗ್ಗಿ ಕೆಳಗಿಳಿಯುತ್ತದೆ, ಹಸಿ ಮೂಲೆ ಹಾಗೇ ನಿಲ್ಲುತ್ತದೆ, ನಡುವೆ ಗೋಡೆ ಸೀಳುತ್ತದೆ. ಪೈಪನ್ನು ಹನ್ನೆರಡು ಅಡಿ ಮುಂದೆ ತೆಗೆದುಕೊಂಡು ಹೋಗಿ ಗಟಾರಕ್ಕೆ ಸೇರಿಸಿದೆ. ಮನೆಯ ಸುತ್ತ ಮೂರು ಅಡಿ ಅಗಲಕ್ಕೆ, ಹೊರಗಡೆಗೆ ಇಳಿಜಾರು ಇರುವಂತೆ ಕಾಂಕ್ರೀಟ್ ಹಾಕಿಸಿದೆ. ಮಳೆ ನೀರೂ ಬುಡಕ್ಕೆ ಇಳಿಯಬಾರದು, ಬಿಸಿಲೂ ಬುಡವನ್ನು ಒಣಗಿಸಬಾರದು. ಒಂದು ವರ್ಷ ಬಿಟ್ಟು, ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್ ಫಿಲ್ಲರ್ ತಂದು ಬಿರುಕು ತುಂಬಿದೆ. ತುಂಬಿದ್ದೂ ಮೇ ತಿಂಗಳಲ್ಲೇ, ಬಿರುಕು ಪೂರ್ತಿ ತೆರೆದಿದ್ದಾಗ.

ನಿಮ್ಮ ಮನೆಯ ಬಿರುಕಿನಲ್ಲಿ ಕಿರುಬೆರಳಿನ ತುದಿ ಹೋಗುವಷ್ಟು ಜಾಗ ಇದ್ದರೆ, ಇಲ್ಲವೇ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋದರೆ, ದಯವಿಟ್ಟು ಫಿಲ್ಲರ್ ತರಬೇಡಿ. ಎಂಜಿನಿಯರ್ ಒಬ್ಬರನ್ನು ಕರೆದು ಬುನಾದಿ ತೋರಿಸಿ.

ಬಣ್ಣ ಹಚ್ಚುವವರು ಬಂದಾಗ ಆ ಪೆನ್ಸಿಲ್ ಗೆರೆಗಳ ಮೇಲೆ ಬಣ್ಣ ಬಳಿಯಬೇಡಿ ಅಂದೆ. ಈ ಮೇ ತಿಂಗಳಲ್ಲಿ ಅಳೆದೆ. ಗೆರೆಯಿಂದ ಗೆರೆಗೆ ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ. ಪಕ್ಕದಲ್ಲಿ ತಿಂಗಳು ಬರೆದಿದ್ದೇನೆ. ಸೆಪ್ಟೆಂಬರಿಗೆ ಇನ್ನೊಮ್ಮೆ ಅಳೆಯಬೇಕು.