ಬಿಸು ಕಣಿಯ ಹತ್ತಿರ ಒಂದು ಚೀಟಿ

ನಮ್ಮ ಕಾಸರಗೋಡಿನ ಮನೆಗಳಲ್ಲಿ ಹೊಸ ವರ್ಷ ಅಂದರೆ ಬಿಸು. ಏಪ್ರಿಲ್ 14 ಅಥವಾ 15ಕ್ಕೆ ಬರುತ್ತದೆ. ಹಿಂದಿನ ರಾತ್ರಿಯೇ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಚಿನ್ನ, ಕನ್ನಡಿ ಇಟ್ಟು ಕಣಿ ಮಾಡುತ್ತೇವೆ, ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೋಡುವುದು ಅದನ್ನೇ. ನಾನು ಅದರ ಜೊತೆ ಒಂದು ಚೀಟಿಯನ್ನೂ ಇಡುತ್ತೇನೆ. ಆ ವರ್ಷ ನಾನು ಹೆದರುವ ಒಂದೇ ಒಂದು ಕೆಲಸ ಅದರಲ್ಲಿರುತ್ತದೆ. ಎಂಟು ದಿನದೊಳಗೆ ಶುರು ಮಾಡಬೇಕು, ನಾನೇ ಮಾಡಬೇಕು. ಹೆದರಿಕೆ ಹೋಗಲಿ ಅಂತ ಕಾಯಬಾರದು.

ಮೊದಲು ಇಟ್ಟದ್ದು 2018ರಲ್ಲಿ. ಗಂಡ ತೀರಿಹೋದ ಮೊದಲ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ, ಅದರ ನಂತರದ ಬಿಸು ಅದು. ಬದಿಯಡ್ಕದ ಹತ್ತಿರ ಒಂದೂವರೆ ಎಕ್ರೆ ಅಡಿಕೆ ತೋಟ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಜಾಗ ನಮ್ಮ ಹೆಸರಿಗೆ ಆಗಬೇಕಿತ್ತು. ಕಚೇರಿ ಅಂದರೆ ನನಗೆ ಕೈಕಾಲು ನಡುಗುತ್ತಿತ್ತು, ಯಾಕೆಂದರೆ ಮೊದಲ ಸಲ ಕನ್ನಡದ ಅರ್ಜಿ ಕೊಟ್ಟಾಗ ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಅಂತ ವಾಪಸ್ ಕೊಟ್ಟಿದ್ದರು, ನಾನು ಒಂದು ಮಾತೂ ಆಡದೆ ಬಸ್ ಹತ್ತಿ ಮನೆಗೆ ಬಂದಿದ್ದೆ.

ಆಮೇಲೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಹೇಳಿದರು, ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ನಮಗೆ ಜಾಗ ಇದೆ ಅಂತ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಘೋಷಿಸಿದ ಕಡೆಯ ಸರ್ಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂದರು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಅನ್ನುವ ಸಂವಿಧಾನದ 350ನೇ ವಿಧಿಯೂ ಇದೆ. ಎರಡನ್ನೂ ಅರ್ಜಿಯ ಕೊನೆಗೆ ಬರೆದೆ. ಎರಡನೇ ಸಲ ಹೋಗಿ ಮೇಜಿನ ಮೇಲಿಟ್ಟು, "ಸಾರ್, ಇದನ್ನು ತೆಗೆದುಕೊಂಡು ರಶೀದಿ ಕೊಡಿ" ಅಂದೆ. ಸ್ವರ ನಡುಗಿತು. ಆದರೂ ಅವರು ತೆಗೆದುಕೊಂಡರು. ಆ ರಶೀದಿ ಇನ್ನೂ ನನ್ನ ಹತ್ತಿರ ಇದೆ.

ಮುಂದಿನ ವರ್ಷ ಬರೆದದ್ದು ಇದಕ್ಕೆ ಉಲ್ಟಾ: ತಪ್ಪುತಪ್ಪಾಗಿ ಆದರೂ ಮಲಯಾಳ ಮಾತಾಡುವುದು. ನಮ್ಮ ಭಾಷೆಯ ಹಕ್ಕು ಕೇಳುವುದು ಬೇರೆ, ಪಕ್ಕದವರ ಭಾಷೆಗೆ ಹೆದರುವುದು ಬೇರೆ. ಬಸ್ಸಿನಲ್ಲಿ, ಮದ್ದಿನ ಅಂಗಡಿಯಲ್ಲಿ ಶುರು ಮಾಡಿದೆ. ಮೂರು ತಿಂಗಳಲ್ಲಿ ನಾಲಿಗೆ ತಿರುಗಿತು.

ಒಂದು ವರ್ಷ "ಯಾರಿಗೂ ಹೆದರಬಾರದು" ಅಂತ ಬರೆದಿದ್ದೆ. ಅದು ಏನೂ ಆಗಲಿಲ್ಲ. ಎಲ್ಲಿಂದ ಶುರು ಮಾಡುವುದು, ಅಲ್ವಾ? ಅಂದಿನಿಂದ ಜಾಗ, ದಿನ, ಕೆಲಸ ಇಷ್ಟನ್ನೇ ಬರೆಯುತ್ತೇನೆ.

ಜಾಸ್ತಿ ಕಷ್ಟ ಆದದ್ದು 2022ರದ್ದು. ಅಡಿಕೆಗೆ ಕೊಳೆರೋಗದ ಮದ್ದು ಬಿಡಲು ಮರ ಹತ್ತುವವರು ಸಿಗಲಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಂದು ಸಲ ಬಿಡದಿದ್ದರೆ ಹಸಿ ಅಡಿಕೆ ಎಲ್ಲ ಉದುರುತ್ತದೆ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ತಂದೆ, ನೆಲದಲ್ಲೇ ನಿಂತು ಬಿಡಬಹುದು ಅಂತ. ಆ ಮದ್ದು, ಅಂದರೆ ಬೋರ್ಡೋ ದ್ರಾವಣ, ನಾನೇ ಮಾಡಿದೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯಬೇಕು. ಕಬ್ಬಿಣದ ಚೂರಿ ಅದ್ದಿ ನೋಡಿದರೆ ಗೊತ್ತಾಗುತ್ತದೆ, ಕೆಂಪು ಹಿಡಿದರೆ ಸುಣ್ಣ ಸಾಲದು. ಮೊದಲ ದಿನ ದೋಟಿ ಎತ್ತಿ ಹಿಡಿದು ಹೆಗಲು ಬಾತುಕೊಂಡಿತು, ತುದಿ ಗೊನೆಗೆ ಸಿಗದೆ ಆಚೀಚೆ ಹೊಯ್ದಾಡಿತು, ಹತ್ತು ಮರಕ್ಕೇ ಸಾಕಾಯಿತು. ಅತ್ತೆ ಅಂಗಳದಿಂದ "ಮೆಲ್ಲ ಮಾಡು ಮಗಳೇ, ನಾಳೆಯೂ ಉಂಟು" ಅಂದರು. ಹಾಗೇ ಮಾಡಿದೆ. ಹನ್ನೆರಡು ದಿನದಲ್ಲಿ ತೋಟ ಮುಗಿಯಿತು. ಈಗ ಪಕ್ಕದ ಮನೆಯ ಅಕ್ಕನೂ ಬಂದು ಕಲಿತಿದ್ದಾರೆ.

ಈ ಬಿಸುವಿನ ಚೀಟಿಯಲ್ಲಿರುವುದು ಗ್ರಾಮಸಭೆ. ಮಗಳು ಓದುವ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಟೀಚರ್ ಬಂದಿದ್ದಾರೆ. ಅವರ ತಪ್ಪಲ್ಲ, ಕಳಿಸಿದವರ ತಪ್ಪು. ಮಕ್ಕಳು ಸುಮ್ನೆ ಕೂತು ಬರುತ್ತಾರೆ. ನಾನು ಎದ್ದು ನಿಂತು ಇದನ್ನು ಕನ್ನಡದಲ್ಲಿ ಹೇಳಬೇಕು, ಕೇಳುವವರಿಗೆ ಅರ್ಥವಾಗದಿದ್ದರೆ ಮಲಯಾಳದಲ್ಲೂ ಹೇಳಬೇಕು. ಮನವಿ ಬರೆದಾಗಿದೆ. ಇನ್ನಿಬ್ಬರು ತಾಯಂದಿರು ಜೊತೆಗೆ ಬರುತ್ತೇವೆ ಅಂದಿದ್ದಾರೆ.