ಸಿಗರೇಟು ಬಿಟ್ಟ ಮೇಲೆ ಮೂಗು ಕಟ್ಟಿದೆಯೇ? ಹೀಗೆ ತೊಳೆಯಿರಿ

ಸಿಗರೇಟು ಬಿಟ್ಟು ಎರಡು ವಾರ ಕಳೆದಿದೆ. ಉಸಿರಾಟ ಹಗುರಾಗುತ್ತದೆ ಅಂದುಕೊಂಡರೆ ಮೂಗು ಕಟ್ಟಿದೆ, ಹುಬ್ಬಿನ ಸುತ್ತ ಭಾರ, ಗಂಟಲ ಹಿಂದೆ ಕಫ ಇಳಿಯುತ್ತಲೇ ಇದೆ. ‘ಸೇದುವಾಗಲೇ ಚೆನ್ನಾಗಿದ್ದೆ’ ಎಂದು ಟೀ ಅಂಗಡಿ ಮುಂದೆ ಮತ್ತೆ ಒಂದು ಹಚ್ಚುವವರಿದ್ದಾರೆ. ದಯವಿಟ್ಟು ಹಚ್ಚಬೇಡಿ. ಇದು ಬಹುತೇಕ ಮೂಗು ಚೇತರಿಸಿಕೊಳ್ಳುತ್ತಿರುವ ಲಕ್ಷಣ.

ಮೂಗು ಮತ್ತು ಸೈನಸ್‌ಗಳ (ಕೆನ್ನೆ, ಹಣೆಯ ಮೂಳೆಗಳೊಳಗಿನ ಗಾಳಿಗೂಡುಗಳ) ಒಳಪದರದಲ್ಲಿ ಸಿಲಿಯಾ ಎಂಬ ಅತಿಸೂಕ್ಷ್ಮ ರೋಮಗಳಿವೆ. ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತಾ ಸಿಂಬಳವನ್ನು ಗಂಟಲಿನತ್ತ ತಳ್ಳುವುದು ಅವುಗಳ ಕೆಲಸ. ಕೆನ್ನೆಯೊಳಗಿನ ಸೈನಸ್‌ನ ಬಾಯಿ ಇರುವುದು ತಳದಲ್ಲಲ್ಲ, ಮೇಲ್ಭಾಗದಲ್ಲಿ. ಹಾಗಾಗಿ ಅಲ್ಲಿನ ಸಿಂಬಳ ತಾನಾಗಿ ಇಳಿದುಹೋಗದು, ಸಿಲಿಯಾ ಅದನ್ನು ಮೇಲೆತ್ತಿ ಸಾಗಿಸಲೇಬೇಕು. ಹೊಗೆ ಸಿಲಿಯಾವನ್ನು ಮಂಕಾಗಿಸಿ, ಸಿಂಬಳದ ಗ್ರಂಥಿಗಳನ್ನು ಹಿಗ್ಗಿಸಿರುತ್ತದೆ. ಬಿಟ್ಟ ಮೇಲೆ ಸಿಲಿಯಾ ಮತ್ತೆ ಕೆಲಸಕ್ಕಿಳಿಯುತ್ತವೆ, ಆದರೆ ಹಿಗ್ಗಿದ ಗ್ರಂಥಿಗಳು ತಣ್ಣಗಾಗಲು ಹೆಚ್ಚು ಕಾಲ ಬೇಕು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಕೆಲವರಿಗೆ ಕೆಲವು ತಿಂಗಳಲ್ಲಿ ಇದು ಇಳಿಯುತ್ತದೆ. ಬೆಂಗಳೂರಿನ ಕಾಮಗಾರಿ ದೂಳು, ಖಾಲಿ ಸೈಟುಗಳ ಪಾರ್ಥೇನಿಯಂ, ಡಿಸೆಂಬರ್–ಜನವರಿಯ ಬೆಳಗಿನ ಚಳಿ ಸೇರಿದರೆ ಇನ್ನಷ್ಟು ಎಳೆಯಬಹುದು. ಸೀನು, ಕಣ್ಣು ತುರಿಕೆ ಜೊತೆಗಿದ್ದರೆ ಅಲರ್ಜಿಯೂ ಇದೆ ಎಂದೇ ಲೆಕ್ಕ.

ನೀರಿನಿಂದ ಶುರು

ಈ ಹಂತದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡುವುದು ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ನಮ್ಮ ಜಲನೇತಿ. ಎಡವುವುದು ನೀರಿನ ವಿಷಯದಲ್ಲಿ. ಕಾವೇರಿ ನಲ್ಲಿ, ಬೋರ್‌ವೆಲ್, ಟ್ಯಾಂಕರ್, ಕ್ಯಾನ್, ಆರ್‌ಒ, ಯಾವುದೇ ಆದರೂ ನೇರವಾಗಿ ಮೂಗಿಗೆ ಹಾಕಬಾರದು. ಕುಡಿಯಲು ಯೋಗ್ಯವಾದ ನೀರಿನಲ್ಲೂ ನೇಗ್ಲೇರಿಯಾ ಎಂಬ ಅಮೀಬಾ ಇರಬಹುದು. ಹೊಟ್ಟೆಗೆ ಹೋದರೆ ತೊಂದರೆಯಿಲ್ಲ, ಮೂಗಿನ ಮೂಲಕ ಮಿದುಳಿಗೆ ಹತ್ತಿದರೆ ಬದುಕುವುದೇ ಅಪರೂಪ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಬಿಡಿ, ಮುಚ್ಚಿಟ್ಟು ಆರಿಸಿ. ಗುಳ್ಳೆ ಕಂಡ ಕೂಡಲೇ ಒಲೆ ಆರಿಸಿದರೆ ಸಾಲದು.

ಒಂದು ಲೀಟರಿಗೆ 9 ಗ್ರಾಂ ಉಪ್ಪು ಬೇಕು. ಅಡುಗೆಮನೆಯ ಚಮಚಗಳು ಒಂದೊಂದು ಅಳತೆಯವು, ನಂಬಬೇಡಿ. ಕೆಮ್ಮಿನ ಸಿರಪ್ ಜೊತೆ ಬರುವ 5 ಮಿಲಿ ಗುರುತಿನ ಮುಚ್ಚಳವನ್ನು ತೊಳೆದು ಒರೆಸಿ, ಪುಡಿ ಉಪ್ಪನ್ನು ಆ ಗುರುತಿಗೆ ಸಮವಾಗಿ ಒಂದೂವರೆ ಸಲ ಹಾಕಿ. ಅಡುಗೆ ಸೋಡಾ ಅದೇ ಮುಚ್ಚಳದ ಗುರುತಿಗೆ ಅರ್ಧ ಅಳತೆ. ಅಯೋಡಿನ್ ಉಪ್ಪು ಕೆಲವರಿಗೆ ಉರಿಸುತ್ತದೆ. ಉರಿದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಿದ್ಧ ಪೊಟ್ಟಣ ಒಳ್ಳೆಯದು. ಉಪ್ಪಿಲ್ಲದ ಬರೀ ನೀರು ಎಲ್ಲಕ್ಕಿಂತ ಹೆಚ್ಚು ಉರಿಸುತ್ತದೆ. ಉಳಿದದ್ದನ್ನು 24 ಗಂಟೆಯಲ್ಲಿ ಚೆಲ್ಲಿ.

ತೊಳೆಯುವ ಬಗೆ

ನೀರು ಉಗುರುಬೆಚ್ಚಗಿರಲಿ. ಸಿಂಕಿನ ಮೇಲೆ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ. ಬಾಯಿ ತೆರೆದು ಬಾಯಲ್ಲೇ ಉಸಿರಾಡಿ. ಮೇಲಿನ ಹೊಳ್ಳೆಗೆ ನೇತಿ ಪಾತ್ರೆಯ ಮೂತಿ ಅಥವಾ ಹಿಂಡುವ ಬಾಟಲಿಯನ್ನು ಇಟ್ಟು ಸುಮಾರು 120 ಮಿಲಿ ನಿಧಾನವಾಗಿ ಬಿಡಿ; ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಗಂಟಲಿಗೆ ಬಂದರೆ ತಲೆ ಹಿಂದಕ್ಕೆ ಹೋಗಿದೆ ಎಂದರ್ಥ, ಗಲ್ಲ ತಗ್ಗಿಸಿ. ನಡುವೆ ನುಂಗಬೇಡಿ, ನೀರು ಕಿವಿಯತ್ತ ನುಗ್ಗುತ್ತದೆ. ಒಂದು ಹೊಳ್ಳೆ ಪೂರ್ತಿ ಬಿಗಿದಿದ್ದರೆ ಒತ್ತಿ ಹಿಂಡಬೇಡಿ, ಬಿಸಿನೀರಿನ ಸ್ನಾನದ ನಂತರ ಪ್ರಯತ್ನಿಸಿ. ಮುಗಿದ ಮೇಲೆ ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಊದಿ ಸಿಂಬಳ ಹೊರಹಾಕಿ. ಅರ್ಧ ಗಂಟೆ ಬಿಟ್ಟು ಚಪ್ಪಲಿ ಹಾಕಲು ಬಗ್ಗಿದಾಗ ಮೂಗಿನಿಂದ ಸರ್ರನೆ ನೀರು ಇಳಿದರೆ ಗಾಬರಿಯಾಗಬೇಡಿ, ಒಳಗೆ ಉಳಿದ ಉಪ್ಪುನೀರದು. ಬೆಳಿಗ್ಗೆ ಒಮ್ಮೆ, ಮಲಗುವ ಗಂಟೆ ಮುಂಚೆ ಒಮ್ಮೆ ಸಾಕು. ಪಾತ್ರೆಯನ್ನು ಪ್ರತಿಸಲ ತೊಳೆದು ಪೂರ್ತಿ ಒಣಗಿಸಿ.

ಎರಡು ವಾರವಾದರೂ ಕಡಿಮೆಯಾಗದಿದ್ದರೆ ವೈದ್ಯರು ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಎಂಬ, ಮೂಗಿನ ಊತ ಇಳಿಸುವ ಸ್ಟೀರಾಯ್ಡ್ ಸ್ಪ್ರೇ ಬರೆಯಬಹುದು. ತೊಳೆದು ಹತ್ತು ನಿಮಿಷದ ನಂತರ ಹಾಕಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಆಗ ಮೂತಿ ಕಣ್ಣಿನ ಹೊರ ಅಂಚಿನತ್ತ ತಿರುಗುತ್ತದೆ. ನಡುಗೋಡೆಗೆ ನೇರ ಹೊಡೆದರೆ ರಕ್ತ ಬರುತ್ತದೆ. ಪೂರ್ಣ ಪರಿಣಾಮಕ್ಕೆ ವಾರ, ಎರಡು ವಾರ ಬೇಕು. ಮೂರನೇ ದಿನಕ್ಕೇ ಬಿಟ್ಟರೆ ಹಣ ದಂಡ.

ಕೆಡಿಸುವವು

ಕ್ಷಣದಲ್ಲಿ ಮೂಗು ತೆರೆಯುವ ಹನಿಗಳ ಲೇಬಲ್ ಓದಿ. ಆಕ್ಸಿಮೆಟಾಜೋಲಿನ್ ಅಥವಾ ಕ್ಸೈಲೋಮೆಟಾಜೋಲಿನ್ ಎಂದಿದ್ದರೆ ಮೂರು ದಿನ, ಹೆಚ್ಚೆಂದರೆ ಐದು ದಿನ. ಇವು ಮೂಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಅದಕ್ಕಿಂತ ಹೆಚ್ಚು ದಿನ ಬಳಸಿದರೆ ಪ್ರಭಾವ ಇಳಿದೊಡನೆ ನಾಳಗಳು ಇನ್ನಷ್ಟು ಊದಿಕೊಂಡು, ಹನಿಯಿಲ್ಲದೆ ಮೂಗೇ ತೆರೆಯದ ಸ್ಥಿತಿ ಬರುತ್ತದೆ. ಒಂದು ಚಟ ಬಿಟ್ಟವರಿಗೆ ಇನ್ನೊಂದು ಕಟ್ಟಿಕೊಳ್ಳುವ ದಾರಿ ಇದು. ರಕ್ತದೊತ್ತಡ ಇರುವವರು ಕೇಳದೆ ಮುಟ್ಟಬಾರದು. ಮೂಗು ಬಿಡಿಸಲೆಂದು ನಶ್ಯ ಏರಿಸುವುದೂ ತಂಬಾಕೇ. ಹಬೆ ಹಿತ ಕೊಡುತ್ತದೆ, ಅಷ್ಟೇ. ಮೇಜಿನ ಅಂಚಿನಲ್ಲಿಟ್ಟ ಕುದಿನೀರಿನ ಪಾತ್ರೆ ಮಗುಚಿ ತೊಡೆ ಸುಟ್ಟುಕೊಳ್ಳಬೇಡಿ.

ಕೆನ್ನೆನೋವು, ಗಟ್ಟಿ ಸಿಂಬಳ ಹತ್ತು ದಿನವಾದರೂ ಇಳಿಯದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಜ್ವರದೊಂದಿಗೆ ಹೆಚ್ಚಿದರೆ ಇಎನ್‌ಟಿ ವೈದ್ಯರನ್ನು ಕಾಣಿ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜು, ಸಹಿಸಲಾಗದ ತಲೆನೋವು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಒಂದೇ ಹೊಳ್ಳೆ ಸದಾ ಕಟ್ಟಿ ರಕ್ತ ಬರುತ್ತಿದ್ದರೆ, ಮೂರು ವಾರ ದಾಟಿದ ಧ್ವನಿ ಒಡಕಿದ್ದರೆ, ಕಫದಲ್ಲಿ ರಕ್ತ ಕಂಡರೆ ಅದನ್ನು ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೆ ಹಾಕಬೇಡಿ, ಬೇಗ ತೋರಿಸಿ. ಸೇದುವ ಹಂಬಲ ತಡೆಯಲಾಗದಿದ್ದರೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-112-356ಕ್ಕೆ ಕರೆ ಉಚಿತ. ನಿಮ್ಹಾನ್ಸ್‌ನಲ್ಲೂ ತಂಬಾಕು ಬಿಡಿಸುವ ವಿಭಾಗವಿದೆ.