ತಾವರೆಯ ಪರಾಗದಿಂದ ವರ್ಗೀಕರಣದ ಪಾಠ: ನನ್ನ ಅನುಭವ

ಪದವಿ ತರಗತಿಗಳಲ್ಲಿ ಹೂಬಿಡುವ ಸಸ್ಯಗಳ ವರ್ಗೀಕರಣ ಇಂದಿಗೂ ಹೆಚ್ಚಾಗಿ ಬ್ರಿಟನ್ನಿನ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ ಅವರ ಪದ್ಧತಿಯಿಂದಲೇ ಆರಂಭವಾಗುತ್ತದೆ. 1862ರಿಂದ 1883ರ ನಡುವೆ ಪ್ರಕಟವಾದ ಈ ಪದ್ಧತಿ ಕಣ್ಣಿಗೆ ಕಾಣುವ ಲಕ್ಷಣಗಳನ್ನು, ಅದರಲ್ಲೂ ಹೂವಿನ ದಳಗಳು ಬಿಡಿಯಾಗಿವೆಯೇ, ಕೂಡಿಕೊಂಡಿವೆಯೇ ಎಂಬುದನ್ನು ಆಧರಿಸಿದ್ದು, ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯಗಳನ್ನು ಹಾಳೆಗೆ ಅಂಟಿಸಿಟ್ಟ ಸಂಗ್ರಹದಲ್ಲಿ, ಒಂದು ಹಾಳೆಯನ್ನು ಹುಡುಕಿ ತೆಗೆಯಲು ಬಹಳ ಅನುಕೂಲವಾಗಿದೆ. ಆದರೆ ಯಾವ ಸಸ್ಯ ಯಾವುದರ ಬಂಧು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಡಿಎನ್‌ಎ ಅನುಕ್ರಮಗಳ ಬಲದಿಂದ ಆ ಉತ್ತರ ಕೊಡುವ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್) ಪದ್ಧತಿ 1998ರಲ್ಲಿ ಬಂತು. ಅದರ ನಾಲ್ಕನೆಯ ಆವೃತ್ತಿ 2016ರದು. ಡಿಎನ್‌ಎ ಓದುವ ಸೌಕರ್ಯವಿಲ್ಲದ ಕಾಲೇಜಿನಲ್ಲಿ ಈ ಬಂಧುತ್ವವನ್ನು ವಿದ್ಯಾರ್ಥಿಗಳಿಗೆ ತೋರಿಸಲು, ಉಡುಪಿಯಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಆರಿಸಿಕೊಂಡದ್ದು ಪರಾಗವನ್ನು.

ಮೊದಲ ಪಾಠಕ್ಕೆ ಎರಡು ಹೂ ಸಾಕು. ತಾವರೆಯ ಮೊಗ್ಗು ರಥಬೀದಿಯ ಹೂವಿನವರಲ್ಲಿ ಸಿಗುತ್ತದೆ, ನೈದಿಲೆ ಹಳ್ಳಿಯ ಮದಗಗಳಲ್ಲಿ. ಬೆಂಥಮ್ ಮತ್ತು ಹೂಕರ್ ಇವೆರಡನ್ನೂ ನಿಂಫಿಯೇಸಿ ಎಂಬ ಒಂದೇ ಕುಟುಂಬದಲ್ಲಿಟ್ಟಿದ್ದರು. ಎಲೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ಸ್ವಲ್ಪ ಅನುಮಾನ ಹುಟ್ಟುತ್ತದೆ: ತಾವರೆಯದು ಸೀಳಿಲ್ಲದ ದುಂಡು ಎಲೆ, ತೊಟ್ಟು ನಡುವಿಗೆ ಅಂಟಿಕೊಂಡು ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ನೈದಿಲೆಯ ಎಲೆಗೆ ಒಂದು ಕಡೆ ಸೀಳಿದ್ದು, ಅದು ನೀರಿನ ಮೇಲೆಯೇ ತೇಲುತ್ತದೆ. ಅನುಮಾನ ಗಟ್ಟಿಯಾಗುವುದು ಸೂಕ್ಷ್ಮದರ್ಶಕದ ಕೆಳಗೆ.

ಬಲಿತ ಪರಾಗಕೋಶವನ್ನು ಸ್ಲೈಡಿನ ಮೇಲೆ ಸೂಜಿಯಿಂದ ಒಡೆದು, ಸಿಪ್ಪೆಯ ಚೂರುಗಳನ್ನು ತೆಗೆದು, ಸ್ಯಾಫ್ರನಿನ್ ಬೆರೆಸಿದ ಗ್ಲಿಸರಿನ್ ಒಂದು ಹನಿ ಹಾಕಿ ಕವರ್‌ಸ್ಲಿಪ್ ಮುಚ್ಚುತ್ತೇವೆ. ಶಾಶ್ವತ ಸ್ಲೈಡಿಗಾದರೆ ಗ್ಲಿಸರಿನ್ ಜೆಲ್ಲಿಯೇ ಸರಿ, ಆದರೆ ಜೆಲ್ಲಿಯಲ್ಲಿ ಕಣ ಕದಲುವುದಿಲ್ಲ. ಕೆಂಪು ಬಣ್ಣ ಹಿಡಿದ ತಾವರೆಯ ಕಣ ಅಡ್ಡ ಮಲಗಿದ್ದಾಗ ಒಂದೋ ಎರಡೋ ಗೀರುಗಳಷ್ಟೇ ಕಾಣುತ್ತವೆ. ಗೀರು ಎಂದರೆ ಪರಾಗನಳಿಕೆ ಹೊರಬರಲು ಕಣದ ಗೋಡೆಯಲ್ಲಿರುವ ತೆಳು ಜಾಗ. ಕವರ್‌ಸ್ಲಿಪ್ಪಿನ ಅಂಚನ್ನು ಸೂಜಿಯ ತುದಿಯಿಂದ ಮೆಲ್ಲಗೆ ತಳ್ಳಿದರೆ ಕಣ ಉರುಳಿ, ಧ್ರುವದ, ಅಂದರೆ ಕಣದ ತುದಿಯ, ಕಡೆಯಿಂದ ಕಂಡಾಗ ಮೂರು ಗೀರುಗಳು ಒಟ್ಟಿಗೆ ಗೋಚರಿಸುತ್ತವೆ. ನೈದಿಲೆಯ ಕಣವನ್ನು ಎಷ್ಟು ಉರುಳಿಸಿದರೂ ಮೂರು ಸಿಗುವುದಿಲ್ಲ. ಅದರ ಸುತ್ತ ಉಂಗುರದಂತೆ ಒಂದೇ ಗೀರು ಇರುತ್ತದೆ.

ಮೂರು ಗೀರಿನ ಪರಾಗ, ಅಥವಾ ಅದರಿಂದ ಮುಂದೆ ಮಾರ್ಪಟ್ಟ ಪರಾಗ, ನಿಜ ದ್ವಿದಳಗಳು (ಯೂಡೈಕಾಟ್) ಎಂಬ ಗುಂಪಿನ ಗುರುತು. ಹೂಬಿಡುವ ಸಸ್ಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಗುಂಪಿನವು. ಡಿಎನ್‌ಎ ಸಾಕ್ಷ್ಯವೂ ತಾವರೆಯನ್ನು ಇಲ್ಲಿಯೇ, ಪ್ರೋಟಿಯೇಲಿಸ್ ಗಣದಲ್ಲಿ (ಗಣವೆಂದರೆ ಹತ್ತಿರದ ಕುಟುಂಬಗಳ ಗುಂಪು) ಇರಿಸುತ್ತದೆ. ಘಟ್ಟದ ಮೇಲಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಅದೇ ಗಣದ್ದು. ನೈದಿಲೆಯಾದರೋ ಹೂಬಿಡುವ ಸಸ್ಯಗಳ ವಂಶದಿಂದ ಬಹಳ ಹಿಂದೆಯೇ ಕವಲೊಡೆದ ಶಾಖೆ. ಈಗ ಬದುಕಿರುವವುಗಳಲ್ಲಿ ಅದಕ್ಕಿಂತ ಮೊದಲು ಬೇರೆಯಾದದ್ದು ನ್ಯೂ ಕ್ಯಾಲೆಡೋನಿಯದ ಅಂಬೊರೆಲ್ಲಾ. ಮೊದಲು ಕವಲೊಡೆದದ್ದು ಎಂದ ಮಾತ್ರಕ್ಕೆ ಇಂದಿನ ನೈದಿಲೆ ಹಿಂದುಳಿದ ಸಸ್ಯವೆಂದು ಅರ್ಥವಲ್ಲ ಎಂಬುದನ್ನು ಪ್ರತಿವರ್ಷವೂ ಒತ್ತಿ ಹೇಳಬೇಕಾಗುತ್ತದೆ. ತಾವರೆ, ನೈದಿಲೆಗಳ ಹೋಲಿಕೆ ನೀರಿನ ಬದುಕು ರೂಪಿಸಿದ್ದು.

ಎರಡನೆಯ ಪಾಠಕ್ಕೆ ಕರಾವಳಿಯ ಯಾವ ಮನೆಯ ಹಿತ್ತಲಾದರೂ ಆದೀತು. ಸಂಪಿಗೆ, ಕಾಳುಮೆಣಸು, ವೀಳ್ಯದೆಲೆ, ದಾಲ್ಚಿನ್ನಿ, ಜಾಯಿಕಾಯಿ, ಸೀತಾಫಲ ಇವೆಲ್ಲವೂ ಎಪಿಜಿಯಲ್ಲಿ ಮ್ಯಾಗ್ನೋಲಿಡ್ ಎಂಬ ಒಂದೇ ಗುಂಪು. ಹಳೆಯ ಪದ್ಧತಿಯಲ್ಲಿ ಸಂಪಿಗೆ, ಸೀತಾಫಲಗಳು ಮೊದಲ ಪುಟಗಳಲ್ಲಿದ್ದರೆ ಮೆಣಸು, ಜಾಯಿಕಾಯಿ, ದಾಲ್ಚಿನ್ನಿಗಳು ಹೂದಳಗಳಿಲ್ಲದ ಸಸ್ಯಗಳ ಜೊತೆ ಎಲ್ಲೋ ದೂರದಲ್ಲಿದ್ದವು. ಎಲೆಯನ್ನು ಕಿವುಚಿ ಮೂಸಿದರೆ ಈ ಬಳಗದ ಪರಿಮಳ ತೈಲದ ಕೋಶಗಳ ಪರಿಚಯವಾಗುತ್ತದೆ. ಇವಕ್ಕೆ ಬೀಜದಲ್ಲಿ ಎರಡು ದಳಗಳಿದ್ದರೂ ಇವು ನಿಜ ದ್ವಿದಳಗಳಲ್ಲ. ಪರಾಗಕ್ಕೆ ಸಂಪಿಗೆಯನ್ನೇ ಬಳಸಿ. ಅದರ ಒಂಟಿ ಗೀರು ಸ್ಪಷ್ಟವಾಗಿದೆ. ದಾಲ್ಚಿನ್ನಿಯ ಪರಾಗದಲ್ಲಿ ಗೀರೇ ಇಲ್ಲ, ಸೀತಾಫಲದ್ದು ನಾಲ್ಕು ನಾಲ್ಕಾಗಿ ಅಂಟಿಕೊಂಡಿರುತ್ತದೆ, ಮೆಣಸಿನ ಕಣ ತೀರಾ ಚಿಕ್ಕದು. ಅಡಿಕೆಯ ಸಿಂಗಾರದ ಪರಾಗದಲ್ಲಿಯೂ ಒಂದೇ ಗೀರಿರುವುದನ್ನು ನೋಡಿ, ಅಡಿಕೆಗೂ ಸಂಪಿಗೆಗೂ ಹತ್ತಿರದ ನಂಟಿದೆ ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ಒಂಟಿ ಗೀರು ಪೂರ್ವಜರಿಂದ ಉಳಿದು ಬಂದ ಲಕ್ಷಣ. ಅಂಥ ಹಳೆಯ ಲಕ್ಷಣವನ್ನು ಹಂಚಿಕೊಂಡದ್ದರಿಂದ ಹತ್ತಿರದ ನಂಟು ಸಿದ್ಧವಾಗುವುದಿಲ್ಲ. ಹೊಸದಾಗಿ ಮೂಡಿದ ಲಕ್ಷಣ, ಅಂದರೆ ಮೂರು ಗೀರಿನಂಥದ್ದು, ಮಾತ್ರ ಒಂದು ವಂಶವನ್ನು ಗುರುತಿಸುತ್ತದೆ. ಇಡೀ ಪಾಠದ ತಿರುಳು ನನ್ನ ದೃಷ್ಟಿಯಲ್ಲಿ ಇದೇ.

ಸೀತಾ-ಸ್ವರ್ಣಾ ಅಳಿವೆಯ ಕಾಂಡ್ಲಾ ಗಿಡಗಳನ್ನು (ಮ್ಯಾಂಗ್ರೋವ್) ಕೊನೆಗೆ ತೋರಿಸುತ್ತೇನೆ. ಕೆಸರಿನಿಂದ ಉಸಿರುಬೇರುಗಳನ್ನು ಚಾಚುವ ಅವಿಸೆನ್ನಿಯ ಮೊದಲು ವರ್ಬಿನೇಸಿ ಕುಟುಂಬದಲ್ಲಿತ್ತು, ಈಗ ಆಡುಸೋಗೆಯ ಅಕಾಂತೇಸಿಯಲ್ಲಿದೆ. ಪಕ್ಕದಲ್ಲಿಯೇ ನಿಲ್ಲುವ ರೈಜೋಫೊರಾ ಹರಳು ಗಿಡದ ಗಣಕ್ಕೆ ಸೇರುತ್ತದೆ. ಇಲ್ಲಿಯೂ ಹೋಲಿಕೆ ಬದುಕಿನದು, ವಂಶದ್ದಲ್ಲ. ವರ್ಬಿನೇಸಿಯಲ್ಲಿದ್ದ ಸಾಗುವಾನಿಯೂ ತುಳಸಿಯ ಕುಟುಂಬಕ್ಕೆ ಹೋಗಿದೆ.

"ಸರ್, ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ಪ್ರಶ್ನೆಪತ್ರಿಕೆ ಯಾವ ಪದ್ಧತಿಯನ್ನು ಕೇಳಿದೆಯೋ ಅದನ್ನೇ ಬರೆಯಿರಿ ಎನ್ನುತ್ತೇನೆ. ನಮ್ಮ ಹರ್ಬೇರಿಯಂ ಕಪಾಟನ್ನು ಹಳೆಯ ಕ್ರಮದಲ್ಲಿಯೇ ಉಳಿಸಿಕೊಂಡು, ಕುಟುಂಬ ಬದಲಾದ ಸಸ್ಯಗಳ ಹೊದಿಕೆಯ ಮೂಲೆಯಲ್ಲಿ ಎಪಿಜಿ ಕುಟುಂಬದ ಹೆಸರನ್ನೂ ಆವೃತ್ತಿಯ ವರ್ಷವನ್ನೂ ಪೆನ್ಸಿಲಿನಲ್ಲಿ ಬರೆದಿದ್ದೇವೆ; ಮುಂದಿನ ಆವೃತ್ತಿ ಬಂದರೆ ಅಳಿಸಿ ತಿದ್ದಲು ಸುಲಭ.